ಎಂಜಿನ್ ನಿಂತಾಗ: ಔಷಧಿ ಎರಚುವ ವಿಮಾನದ ಕಥೆ



ಬಾವಿಯ ಮೇಲಿನ ಎಣ್ಣೆ ಎಂಜಿನ್ ನಿಂತುಹೋದರೆ ಏನು ಮಾಡುತ್ತೇವೆ? ಎರಡು ಮಾತು ಬೈದು, ಎಣ್ಣೆ ನೋಡಿ, ಮತ್ತೆ ಹ್ಯಾಂಡಲ್ ತಿರುಗಿಸುತ್ತೇವೆ. ಪೈರಿನ ಮೇಲೆ ಹತ್ತೇ ಅಡಿ ಎತ್ತರದಲ್ಲಿ ಔಷಧಿ ಎರಚುತ್ತಿರುವ ವಿಮಾನದ ಎಂಜಿನ್ ನಿಂತರೆ? ಗಂಟೆಗೆ 100 ಮೈಲಿ ವೇಗ ಅಂದರೆ ಸೆಕೆಂಡಿಗೆ ಸುಮಾರು 147 ಅಡಿ. ಬೈಯುವುದಕ್ಕೂ ಪುರುಸೊತ್ತಿಲ್ಲ.

ಈ ಕೆಲಸ ಮೊದಲಾದದ್ದು ಅಮೆರಿಕದ ಒಹಾಯೊ ಸೀಮೆಯಲ್ಲಿ. 1921ರ ಆಗಸ್ಟ್ 3ರಂದು ಟ್ರಾಯ್ ಊರಿನ ಹತ್ತಿರ, ಕಂಬಳಿಹುಳು ಬಿದ್ದ ಕಟಾಲ್ಪ ಮರಗಳ ತೋಪಿನ ಮೇಲೆ ಜಾನ್ ಮೆಕ್ರೆಡಿ ಎಂಬ ಸೇನೆಯ ಪೈಲಟ್ ಕರ್ಟಿಸ್ ಜೆನ್ನಿ ವಿಮಾನ ಹಾರಿಸಿದ. ವಿಮಾನದ ಪಕ್ಕಕ್ಕೆ ಕಟ್ಟಿದ್ದ ತಗಡಿನ ಪೆಟ್ಟಿಗೆಯಿಂದ ಎಟಿಯೆನ್ ಡಾರ್ಮಾಯ್ ಎಂಬಾತ ಕೈಯಲ್ಲಿ ಹಿಡಿ ತಿರುಗಿಸಿ ಪುಡಿ ಉದುರಿಸಿದ. ಎಲ್ಲ ಸೇರಿ ಒಂದು ನಿಮಿಷವೂ ಇಲ್ಲ, ಹುಳು ಸತ್ತವು. (ಸೀಸ, ಶಂಖಪಾಷಾಣ ಸೇರಿದ ಆ ಪುಡಿ ಮನುಷ್ಯನಿಗೂ ವಿಷವೇ. ಮುಂದೆ ಅಲ್ಲೇ ಅದನ್ನು ನಿಷೇಧಿಸಿದರು.) ಮರುವರ್ಷ ಲೂಸಿಯಾನದ ಟಲ್ಲೂಲದಲ್ಲಿ ಹತ್ತಿಯ ಕಾಯಿಮೂತಿಹುಳಕ್ಕೂ ಇದೇ ಉಪಾಯ ಮಾಡಿದರು.

ಅಂದಿನ ಜೆನ್ನಿಗಳಲ್ಲಿ ಬಹುಪಾಲಿಗೆ ಇದ್ದದ್ದು 90 ಕುದುರೆಶಕ್ತಿಯ ಓಎಕ್ಸ್-5 ಎಂಜಿನ್. ಒಂದೇ ಮ್ಯಾಗ್ನೆಟೋ, ಸಿಲಿಂಡರಿಗೆ ಒಂದೇ ಪ್ಲಗ್ಗು. ಕಿಡಿ ಕೈಕೊಟ್ಟಿತೋ, ಅಲ್ಲಿಗೆ ಮುಗಿಯಿತು. ಮುಂದೆ ಎಂಜಿನ್‌ಗಳಿಗೆ ಎರಡು ಮ್ಯಾಗ್ನೆಟೋ, ಎರಡೆರಡು ಪ್ಲಗ್ಗು ಬಂದವು. ಆದರೂ ಪೆಟ್ರೋಲಿನಲ್ಲಿ ನೀರು ಬೆರೆಯುವುದು, ಪುಡಿಯ ಧೂಳು ಗಾಳಿಯ ದಾರಿ ಕಟ್ಟುವುದು, ಇನ್ನೊಂದು ಸುತ್ತು ಆದೀತೆಂದು ಹಾರಿ ಪೆಟ್ರೋಲೇ ತೀರಿಹೋಗುವುದು, ಇವು ತಪ್ಪಲಿಲ್ಲ.

ಎಂಜಿನ್ ಕೆಮ್ಮಿದೊಡನೆ ಪೈಲಟ್ ಮಾಡುವ ಮೊದಲ ಕೆಲಸ ತೊಟ್ಟಿಯ ತಳಬಾಗಿಲು ತೆರೆದು ಔಷಧಿಯನ್ನೆಲ್ಲ ಒಮ್ಮೆಗೇ ಸುರಿದುಬಿಡುವುದು. ಭಾರ ಇಳಿದರೆ ವಿಮಾನ ಇನ್ನೊಂದಿಷ್ಟು ದೂರ ತೇಲುತ್ತದೆ. ಆಮೇಲೆ ಮೂಗು ತಗ್ಗಿಸಿ, ವೇಗ ಉಳಿಸಿಕೊಂಡು, ನೆಟ್ಟಗೆ ಮುಂದಿರುವ ಹೊಲದಲ್ಲೇ ಇಳಿಯಬೇಕು. ಬಂದ ಜಾಗಕ್ಕೆ ಹಿಂತಿರುಗೋಣ ಅಂತ ಮನಸ್ಸು ಎಳೆಯುತ್ತದೆ, ಸಹಜವೇ. ಆದರೆ ವೇಗ ಕುಗ್ಗಿದಾಗ ಓರೆಯಾಗಿ ತಿರುಗಿಸಿದರೆ ಒಳಮಗ್ಗುಲ ರೆಕ್ಕೆ ಗಾಳಿಯ ಆಸರೆ ಕಳೆದುಕೊಂಡು ವಿಮಾನ ತಲೆಕೆಳಗಾಗುತ್ತದೆ. ಹಾಗೆ ಸತ್ತವರು ಬಹಳ. ಇಳಿಯುವುದಾದರೂ ಸಾಲಿನುದ್ದಕ್ಕೆ. ಸಾಲಿಗೆ ಅಡ್ಡಲಾಗಿ ಗಾಡಿ ಹೊಡೆದವರಿಗೆ ಕಾರಣ ಹೇಳಬೇಕಿಲ್ಲ.

ಇಳಿದ ಮೇಲೂ ಒಂದು ಅಪಾಯ ಇತ್ತು. ಕೆಲವು ಸಣ್ಣ ವಿಮಾನಗಳಲ್ಲಿ ಔಷಧಿ ತೊಟ್ಟಿ ಪೈಲಟನ ಬೆನ್ನ ಹಿಂದೆ. ನೆಲಕ್ಕೆ ಗುದ್ದಿದಾಗ ಆ ಭಾರವೆಲ್ಲ ಅವನ ಮೇಲೇ. ಹ್ಯೂ ಡಿ ಹೇವನ್ ಎಂಬಾತ 1917ರಲ್ಲಿ ವಿಮಾನ ಕಲಿಯುವಾಗ ಬಿದ್ದು ಬದುಕಿದವನು. ತನ್ನ ಹೊಟ್ಟೆಗೆ ಪೆಟ್ಟುಮಾಡಿದ್ದು ಕಟ್ಟಿಕೊಂಡಿದ್ದ ಪಟ್ಟಿಯೇ ಅಂತ ಕಂಡುಕೊಂಡು, ಬಿದ್ದವರು ಯಾತರಿಂದ ಸಾಯುತ್ತಾರೆ ಅಂತ ಮುಂದೆ ವರ್ಷಗಟ್ಟಲೆ ಹುಡುಕಿದ. ಈ ಬಗೆಯ ವಿಚಾರವನ್ನು ಹಿಡಿದು ಫ್ರೆಡ್ ವೀಕ್ ಎಂಬ ಎಂಜಿನಿಯರು ಟೆಕ್ಸಾಸಿನಲ್ಲಿ ಎಜಿ-1 ವಿಮಾನ ಕಟ್ಟಿಸಿದ. ಅದು 1950ರಲ್ಲಿ ಹಾರಿತು. ಮುಂದೆ ಎಂಜಿನ್, ಅದರ ಹಿಂದೆ ತೊಟ್ಟಿ, ಅದಕ್ಕೂ ಹಿಂದೆ ಎತ್ತರದಲ್ಲಿ ಪೈಲಟ್, ಅವನ ಸುತ್ತ ಬಲವಾದ ಕೊಳವೆಗಳ ಗೂಡು, ಭುಜಕ್ಕೂ ಪಟ್ಟಿ. ಮುಂಭಾಗ ನುಗ್ಗಾದರೂ ಗೂಡು ಉಳಿಯಬೇಕು, ಅಷ್ಟೆ. ಎಂಜಿನ್ ಒಂದಲ್ಲ ಒಂದು ದಿನ ನಿಂತೇ ನಿಲ್ಲುತ್ತದೆ ಅಂತ ಒಪ್ಪಿಕೊಂಡೇ ಕಟ್ಟಿದ ವಿಮಾನ ಅದು. ನನಗೆ ಅದರಲ್ಲಿ ಮೆಚ್ಚಿಗೆಯಾದದ್ದೂ ಅದೇ.

ನಮ್ಮ ಬೆಂಗಳೂರಿನ ಹಿಂದುಸ್ತಾನ್ ಏರೊನಾಟಿಕ್ಸಿನವರು ‘ಬಸಂತ್’ ಎಂಬ ಕೃಷಿ ವಿಮಾನ ರೂಪಿಸಿದಾಗ ಕೊನೆಗೆ ಇದೇ ಮಾದರಿ ಹಿಡಿದರು. ತಯಾರಿಕೆಗೆ ಬಂದ ರೂಪದ ಬಸಂತ್ 1972ರ ಮಾರ್ಚ್ 30ರಂದು ಹಾರಿತು. 1980ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 39 ವಿಮಾನ ಆಗಿದ್ದವು. ಅದರಲ್ಲೂ ಪೈಲಟನ ಆಸನ ತೊಟ್ಟಿಯ ಹಿಂದೆ, ಎತ್ತರದಲ್ಲಿ.