ಸರಾಸರಿ ಹೇಳಿದ್ದು ಒಂದು, ಮಧ್ಯಾಂಕ ಹೇಳಿದ್ದು ಇನ್ನೊಂದು: ಕೊಡಗಿನ ಆರು ಜನಗಣತಿ

1/5

ಎಕ್ಸಾಮ್‌ಗೆ ಓದ್ತಿರೋರಿಗೆ ಒಂದು ಪ್ರಶ್ನೆ. "1901ರಿಂದ 1951ರವರೆಗೆ ಕೊಡಗಿನ ಜನಸಂಖ್ಯೆ ಪ್ರತಿ ಹತ್ತು ವರ್ಷಕ್ಕೆ ಸರಾಸರಿ 9,760ರಷ್ಟು ಹೆಚ್ಚಿತು." ಸರಿಯೋ ತಪ್ಪೋ?

ಲೆಕ್ಕದ ಪ್ರಕಾರ ಸರಿ. ಇತಿಹಾಸದ ಪ್ರಕಾರ ಅಂಥ ಒಂದು ದಶಕವೂ ಇರಲಿಲ್ಲ. ಸ್ಟಾಟಿಸ್ಟಿಕ್ಸ್ ಅಂದ್ರೆ ಸೂತ್ರ ಬಾಯಿಪಾಠ ಮಾಡೋದು ಅಂದ್ಕೊಂಡಿರೋ ಗೆಳೆಯರು ಈ ಸಲ ಪೆನ್ನು ಹಿಡ್ಕೊಂಡು ಓದಿ. ಪುಸ್ತಕದಲ್ಲಿ ಬರೋ ಆ ಐದು ಹುಡುಗರ ಮಾರ್ಕ್ಸ್ ಬಿಡೋಣ, ನಮ್ಮದೇ ಜಿಲ್ಲೆಯ ಅಂಕಿ ತಗೊಳ್ಳೋಣ.

1901: 1,80,607
1911: 1,74,976
1921: 1,63,838
1931: 1,63,327
1941: 1,68,726
1951: 2,29,405

2/5

ಮೊದಲು ಈ ಸಂಖ್ಯೆ ಹೇಗೆ ಬಂತು ಅಂತ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶ ಮಾಡ್ಕೊಂಡ್ರು. 1871ರ ಜನಗಣತಿಯಲ್ಲಿ ಇಲ್ಲಿ ಸಿಕ್ಕಿದ್ದು 1,68,312 ಜನ. ಈಗ ಮೇಲಿನ ಪಟ್ಟಿಯಲ್ಲಿ 1941 ನೋಡಿ. ಎಪ್ಪತ್ತು ವರ್ಷ ಕಳೆದ ಮೇಲೆ ವ್ಯತ್ಯಾಸ ಬರೀ 414! ನಡುವೆ ಏನೂ ಆಗಿಲ್ಲ ಅಂತಲ್ಲ. ಏರಿ ಇಳಿದು ಮತ್ತೆ ಅಲ್ಲಿಗೇ ಬಂತು ಅಷ್ಟೆ.

ಇನ್ನೊಂದು ವಿಷಯ. 1931ರವರೆಗೆ ಒಂದು ನಿಗದಿತ ರಾತ್ರಿ ಯಾರು ಎಲ್ಲಿ ಇದ್ದಾರೋ ಅವರನ್ನು ಅಲ್ಲೇ ಎಣಿಸ್ತಿದ್ರು. ಊರು ಮೈಸೂರು ಸೀಮೆಯೋ ದಕ್ಷಿಣ ಕನ್ನಡವೋ ಮಲಬಾರೋ, ಆ ರಾತ್ರಿ ಕೊಡಗಿನ ತೋಟದ ಲೈನ್‌ಮನೆಯಲ್ಲಿ ಮಲಗಿದ್ರೆ ಆತ ಕೊಡಗಿನ ಲೆಕ್ಕಕ್ಕೆ. ಹಾಗಾಗಿ ಈ ಕಾಲಂ ಬರೀ ಹುಟ್ಟು ಸಾವಿನದ್ದಲ್ಲ, ಕಾಫಿ ತೋಟದಲ್ಲಿ ಕೆಲಸ ಇತ್ತಾ ಇಲ್ವಾ ಅನ್ನೋದೂ ಇದರೊಳಗೆ ಉಂಟು.

3/5

ಈಗ ದಶಕದಿಂದ ದಶಕಕ್ಕೆ ಕಳೆಯೋಣ.

−5,631
−11,138
−511
+5,399
+60,679

ಐದನ್ನೂ ಕೂಡಿಸಿದ್ರೆ 48,798. ಐದರಿಂದ ಭಾಗಿಸಿದ್ರೆ 9,760 ಹತ್ತಿರ. ಇದೇ ಮೀನ್, ಸರಾಸರಿ.

ಮಧ್ಯಾಂಕ ಅಂದ್ರೆ ಮೀಡಿಯನ್ ಬೇಕಾದ್ರೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ: −11,138, −5,631, −511, 5,399, 60,679. ನಡುವಿನವನು ಯಾರು? −511.

ಒಂದೇ ಐದು ಸಂಖ್ಯೆ. ಸರಾಸರಿ "ಬೆಳೀತು" ಅಂತದೆ, ಮಧ್ಯಾಂಕ "ಕುಗ್ಗಿತು" ಅಂತದೆ. ಐದರಲ್ಲಿ ಮೂರು ದಶಕ ಜನ ಕಮ್ಮಿಯೇ ಆಗಿದ್ದಾರೆ, ಆದ್ರೆ ಸರಾಸರಿ ನೋಡಿದವನಿಗೆ ಅದರ ಸುಳಿವೂ ಸಿಗಲ್ಲ. ನನ್ನ ಕೇಳಿದ್ರೆ ಇಲ್ಲಿ ಮಧ್ಯಾಂಕದ ಮಾತೇ ನಂಬೋದು.

ಆ ಮೂರು ಮೈನಸ್ ಗುರುತು ಸಣ್ಣ ವಿಷಯ ಅಲ್ಲ. 11,138 ಕಮ್ಮಿಯಾದ ದಶಕದಲ್ಲೇ 1918ರ ಇನ್‌ಫ್ಲುಯೆಂಜಾ ಬಂದದ್ದು. ಇಡೀ ಭಾರತದ ಜನಸಂಖ್ಯೆ ಕೂಡ ಒಂದೇ ಒಂದು ಸಲ ಇಳಿದದ್ದು 1911-21ರಲ್ಲೇ. ಅದಕ್ಕೇ 1921ನ್ನು "ಮಹಾ ವಿಭಜಕ ವರ್ಷ" ಅಂತಾರೆ, ಎಕ್ಸಾಮ್‌ನಲ್ಲಿ ಕೇಳೋ ಪ್ರಶ್ನೆ ಇದು. ಆದ್ರೆ ದೇಶ 1921ರ ನಂತರ ಮೇಲೆ ಹೋಯ್ತು, ಕೊಡಗು ಹೋಗಲಿಲ್ಲ. 1931ರಲ್ಲೂ −511. ಮಲೇರಿಯಾ ಇಲ್ಲಿ ಬಂದು ಹೋಗೋ ರೋಗ ಆಗಿರಲಿಲ್ಲ, ಪ್ರತಿ ವರ್ಷದ ನೆಂಟ. ಕಾಫಿಗೂ ಎಲೆ ತುಕ್ಕು ರೋಗ, ಕಾಂಡ ಕೊರಕದ ಕಾಟ ಹಳೆಯದು. ಯಾವ ಕಾರಣದ ಪಾಲು ಎಷ್ಟು ಅಂತ ಈ ಐದು ಸಂಖ್ಯೆ ಹೇಳಲ್ಲ. ವಿವರಣಾತ್ಮಕ ಸಂಖ್ಯಾಶಾಸ್ತ್ರ "ಹೀಗಿತ್ತು" ಅನ್ನುತ್ತೆ, "ಯಾಕೆ" ಅನ್ನೋದಕ್ಕೆ ಬೇರೆ ಪುಸ್ತಕ ತೆಗೀಬೇಕು.

4/5

ಇನ್ನು ಆ 60,679. ಹತ್ತೇ ವರ್ಷದಲ್ಲಿ ಶೇ. 36 ಏರಿಕೆ, ಅದೇ ದಶಕದಲ್ಲಿ ಭಾರತದ್ದು ಶೇ. 13ರಷ್ಟು. ಬರೀ ಹುಟ್ಟಿನಿಂದ ಇಷ್ಟು ಏರೋದು ಸಾಧ್ಯ ಇಲ್ಲ, ಜನ ಹೊರಗಿಂದ ಬಂದಿದ್ದಾರೆ. ಯಾರು ಅಂತ ತಿಳೀಬೇಕಾದ್ರೆ ನಮ್ಮ ಕ್ಲಾಸಿನ ಹಾಜರಿ ಕೂಗೋದನ್ನು ಕೇಳಿ ಸಾಕು. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತಮಿಳು, ತುಳು, ಬ್ಯಾರಿ, ಎಲ್ಲಾ ಮನೆಮಾತೂ ಒಂದೇ ಬೆಂಚಿನಲ್ಲಿ.

ಕೋಚಿಂಗ್ ನೋಟ್ಸ್‌ನಲ್ಲಿ ಇಂಥ ಸಂಖ್ಯೆಗೆ ಔಟ್‌ಲೈಯರ್ ಅಂತಾರೆ, "ತೆಗೆದು ಹಾಕಿ" ಅಂತಲೂ ಬರೆದಿರ್ತಾರೆ. ತೆಗೆದರೆ ಏನಾಗ್ತದೆ ನೋಡೋಣ. ಈಗ ಏರಿಕೆ ಇಳಿಕೆ ಬಿಟ್ಟು ಮೊದಲಿನ ಆರು ಜನಗಣತಿಗೆ ವಾಪಸ್.

ಆರೂ ಇದ್ದಾಗ ಸರಾಸರಿ 1,80,146, ಮಧ್ಯಾಂಕ 1,71,851. ಆರು ಅಂದ್ರೆ ಸಮಸಂಖ್ಯೆ, ಆದ್ದರಿಂದ ಸಾಲಿನ ನಡುವಿನ ಎರಡನ್ನು ಕೂಡಿಸಿ ಎರಡರಿಂದ ಭಾಗಿಸಬೇಕು.
1951 ತೆಗೆದರೆ ಸರಾಸರಿ 1,70,295, ಮಧ್ಯಾಂಕ 1,68,726.

ಸರಾಸರಿ ಸುಮಾರು 9,850 ಜಾರಿತು, ಮಧ್ಯಾಂಕ 3,125 ಮಾತ್ರ.

ವ್ಯಾಪ್ತಿ, ಅಂದ್ರೆ ಅತಿ ದೊಡ್ಡದರಿಂದ ಅತಿ ಚಿಕ್ಕದು ಕಳೆದರೆ, 66,078 ಇದ್ದದ್ದು 17,280ಕ್ಕೆ ಇಳೀತದೆ. ಮಾನಕ ವಿಚಲನೆ ಇನ್ನೂ ಜೋರು. ಪ್ರತಿ ಸಂಖ್ಯೆ ಸರಾಸರಿಯಿಂದ ಎಷ್ಟು ದೂರ, ಆ ದೂರದ ವರ್ಗ, ವರ್ಗಗಳ ಸರಾಸರಿ, ಅದರ ವರ್ಗಮೂಲ. ಆರಕ್ಕೆ ಸುಮಾರು 22,850, ಐದಕ್ಕೆ ಸುಮಾರು 6,650. ದೂರವನ್ನು ವರ್ಗ ಮಾಡೋದ್ರಿಂದ ದೂರ ಇರೋನ ದನಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳ್ತದೆ, ಒಟ್ಟು ವರ್ಗಗಳಲ್ಲಿ ಮುಕ್ಕಾಲಿಗಿಂತ ಹೆಚ್ಚು 1951ರದ್ದೇ. ಬಹುಲಕ ಇಲ್ಲ, ಯಾವ ಸಂಖ್ಯೆಯೂ ಎರಡು ಸಲ ಬಂದಿಲ್ವಲ್ಲ.

ಆದ್ರೆ 1951 ಟೈಪಿಂಗ್ ತಪ್ಪಲ್ಲ. ತೆಗೆದರೆ ಪಟ್ಟಿ ನೀಟಾಗಿ ಕಾಣ್ತದೆ ನಿಜ, ಅದರ ಜೊತೆ ಲೈನ್‌ಮನೆಗೆ ಬಂದು ಇಲ್ಲೇ ಉಳಿದವರೂ ಲೆಕ್ಕದಿಂದ ಹೋಗ್ತಾರೆ. ನಮ್ಮಲ್ಲಿ ಎಷ್ಟೋ ಜನರ ಅಜ್ಜ ಅಜ್ಜಿ ಆ ಸಾಲಿನಲ್ಲೇ ಇದ್ದಾರೆ.

(ಪಕ್ಕದ ಮಾತು, ಜಿಕೆಗೆ: ಮೀಡಿಯನ್ ಅನ್ನೋ ಪದ ಬಳಕೆಗೆ ತಂದದ್ದು ಫ್ರಾನ್ಸಿಸ್ ಗಾಲ್ಟನ್. ಸ್ಟಾಂಡರ್ಡ್ ಡೀವಿಯೇಷನ್ ಅನ್ನೋ ಹೆಸರು ಕಾರ್ಲ್ ಪಿಯರ್ಸನ್ ಕೊಟ್ಟದ್ದು, 1890ರ ದಶಕದಲ್ಲಿ. ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. 2023ರಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡ್ರು.)

5/5

ನಿಮಗೆ ಕೆಲಸ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲಿನ ಅಂಕಿ:

1951: 2,29,405
1961: 3,22,829
1971: 3,78,291
1981: 4,61,888
1991: 4,88,455
2001: 5,48,561
2011: 5,54,519

ದಶಕದ ಏರಿಕೆ ತೆಗೀರಿ, ಆರು ಬರ್ತದೆ. ಸರಾಸರಿ, ಮಧ್ಯಾಂಕ ಎರಡೂ ಮಾಡಿ. ಈ ಸಲ ಎರಡೂ ಜಗಳ ಆಡಲ್ಲ, ಹತ್ತಿರ ಹತ್ತಿರ ಬರ್ತವೆ. ಆದ್ರೆ ಕೊನೆಯ ಏರಿಕೆ ನೋಡಿ: 5,958, ಶೇ. 1ರಷ್ಟೇ. ಈಗ ಔಟ್‌ಲೈಯರ್ ಕೆಳಗಡೆ ಕೂತಿದೆ. 1951ರಲ್ಲಿ ಬಂದವರ ಕಥೆ ಇತ್ತು, ಇದರಲ್ಲಿ ಬೆಂಗಳೂರು ಬಸ್ ಹತ್ತಿದವರ ಕಥೆಯೂ ಇರಬಹುದು. ನಿಮ್ಮ ಉತ್ತರ ಕೆಳಗೆ ಹಾಕಿ, ಮೀಡಿಯನ್ ತಪ್ಪಿದವರು ಮೊದಲು ಸಾಲಾಗಿ ನಿಲ್ಲಿಸಿದ್ರಾ ಅಂತ ನೋಡ್ಕೊಳ್ಳಿ.