ಕವರ್ಡ್ ಕಾಲ್

ಕವರ್ಡ್ ಕಾಲ್ ಎಂಬುದು ಹೂಡಿಕೆದಾರನು ತನ್ನ ಬಳಿ ಈಗಾಗಲೇ ಇರುವ ಷೇರುಗಳನ್ನು ಆಧಾರವಾಗಿಟ್ಟುಕೊಂಡು, ಅಷ್ಟೇ ಸಂಖ್ಯೆಯ ಷೇರುಗಳ ಮೇಲೆ ಕಾಲ್ ಆಪ್ಷನ್ ಮಾರುವ ವಿಧಾನ. ಲಾಭಾಂಶ ನೀಡುವ ಕಂಪನಿಗಳ ಷೇರುಗಳನ್ನು ದೀರ್ಘಕಾಲ ಇಟ್ಟುಕೊಳ್ಳುವವರು ಲಾಭಾಂಶದ ಜೊತೆಗೆ ಮತ್ತೊಂದು ಆದಾಯಕ್ಕಾಗಿ ಇದನ್ನು ಬಳಸುತ್ತಾರೆ. ಇದರಲ್ಲಿ ಷೇರು ಬೆಲೆಯ ಏರಿಕೆಯಿಂದ ಬರಬಹುದಾದ ಲಾಭಕ್ಕೆ ಮಿತಿ ಬೀಳುತ್ತದೆ; ಬೆಲೆ ಕುಸಿತದ ನಷ್ಟವು ಮಾತ್ರ ಬಹುಪಾಲು ಹೂಡಿಕೆದಾರನಲ್ಲೇ ಉಳಿಯುತ್ತದೆ.

ಕಾರ್ಯವಿಧಾನ

ಕಾಲ್ ಆಪ್ಷನ್ ಕೊಂಡವನಿಗೆ ಗೊತ್ತುಪಡಿಸಿದ ದಿನದಂದು ಗೊತ್ತುಪಡಿಸಿದ ಬೆಲೆಗೆ ಷೇರನ್ನು ಕೊಳ್ಳುವ ಹಕ್ಕು ದೊರೆಯುತ್ತದೆ. ಈ ಬೆಲೆಯನ್ನು ಸ್ಟ್ರೈಕ್ ಬೆಲೆ ಎನ್ನುತ್ತಾರೆ. ಹಕ್ಕನ್ನು ಮಾರಿದವನಿಗೆ ಪ್ರತಿಯಾಗಿ ಪ್ರೀಮಿಯಂ ಎಂಬ ಮೊತ್ತ ಸಲ್ಲುತ್ತದೆ. ಷೇರಿನ ಬೆಲೆ ಸ್ಟ್ರೈಕ್ ಬೆಲೆಯನ್ನು ಮೀರಿದರೆ ಮಾರಿದವನು ಷೇರುಗಳನ್ನು ಆ ಬೆಲೆಗೇ ಬಿಟ್ಟುಕೊಡಬೇಕು. ಮೀರದಿದ್ದರೆ ಪ್ರೀಮಿಯಂ ಮತ್ತು ಷೇರು ಎರಡೂ ಅವನಲ್ಲಿ ಉಳಿಯುತ್ತವೆ. ಕೈಯಲ್ಲಿ ಷೇರು ಇಲ್ಲದೆ ಕಾಲ್ ಮಾರಿದರೆ ನಷ್ಟಕ್ಕೆ ಮಿತಿಯೇ ಇರುವುದಿಲ್ಲ. ಷೇರು ಇದ್ದಾಗ ಆ ಅಪಾಯ ಮುಚ್ಚಿಹೋಗುವುದರಿಂದ ಈ ವಿಧಾನಕ್ಕೆ ಕವರ್ಡ್ ಎಂಬ ಹೆಸರು ಬಂದಿದೆ.

ಉದಾಹರಣೆ

ಒಬ್ಬ ಹೂಡಿಕೆದಾರನ ಬಳಿ 400 ರೂ. ಬೆಲೆಯ 4,000 ಷೇರುಗಳಿವೆ, ಅಂದರೆ 16 ಲಕ್ಷ ರೂ. ಮೌಲ್ಯದ ಹೂಡಿಕೆ ಇದೆ ಎಂದು ಭಾವಿಸೋಣ. ಆತ 420 ರೂ. ಸ್ಟ್ರೈಕ್ ಬೆಲೆಯ ಕಾಲ್ ಅನ್ನು ಷೇರಿಗೆ 6 ರೂ. ಪ್ರೀಮಿಯಂನಂತೆ ಮಾರಿ 24,000 ರೂ. ಪಡೆಯುತ್ತಾನೆ. ಅದೇ ಅವಧಿಯಲ್ಲಿ ಷೇರಿಗೆ 5 ರೂ.ನಂತೆ 20,000 ರೂ. ಲಾಭಾಂಶವೂ ಬರುತ್ತದೆ. ತೆರಿಗೆ ಮತ್ತು ವಹಿವಾಟು ವೆಚ್ಚಗಳನ್ನು ಬಿಟ್ಟರೆ ಫಲಿತಾಂಶ ಹೀಗಿರುತ್ತದೆ:

• ಬೆಲೆ 400 ರೂ.ನಲ್ಲೇ ನಿಂತರೆ ಒಟ್ಟು ಲಾಭ 44,000 ರೂ. ಕಾಲ್ ಮಾರದಿದ್ದರೆ 20,000 ರೂ. ಮಾತ್ರ.
• ಬೆಲೆ 450 ರೂ.ಗೆ ಏರಿದರೆ ಷೇರುಗಳು 420 ರೂ.ಗೆ ಹೋಗುತ್ತವೆ, ಒಟ್ಟು ಲಾಭ 1,24,000 ರೂ. ಕಾಲ್ ಮಾರದಿದ್ದರೆ ಅದು 2,20,000 ರೂ. ಆಗುತ್ತಿತ್ತು.
• ಬೆಲೆ 340 ರೂ.ಗೆ ಇಳಿದರೆ ಒಟ್ಟು ನಷ್ಟ 1,96,000 ರೂ. ಕಾಲ್ ಮಾರದಿದ್ದರೆ 2,20,000 ರೂ.

ಬೆಲೆ ಹೆಚ್ಚು ಏರಿಳಿಯದಿದ್ದಾಗ ಈ ವಿಧಾನ ಚೆನ್ನಾಗಿ ಫಲಿಸುತ್ತದೆ. ದೊಡ್ಡ ಏರಿಕೆಯಲ್ಲಿ ಹೂಡಿಕೆದಾರ ಹಿಂದೆ ಬೀಳುತ್ತಾನೆ. ದೊಡ್ಡ ಕುಸಿತದಲ್ಲಿ ಪ್ರೀಮಿಯಂನ ಆಸರೆ ಅಲ್ಪವಾಗಿರುತ್ತದೆ.

ಲಾಭಾಂಶದೊಂದಿಗಿನ ಸಂಬಂಧ

ಲಾಭಾಂಶರಹಿತ ದಿನದಂದು ಷೇರಿನ ಬೆಲೆ ಸಾಮಾನ್ಯವಾಗಿ ಲಾಭಾಂಶದಷ್ಟು ತಗ್ಗುತ್ತದೆ. ಈ ಇಳಿಕೆಯನ್ನು ಮಾರುಕಟ್ಟೆ ಮೊದಲೇ ನಿರೀಕ್ಷಿಸುವುದರಿಂದ ಕಾಲ್ ಪ್ರೀಮಿಯಂ ಅಷ್ಟರ ಮಟ್ಟಿಗೆ ಕಡಿಮೆಯಾಗಿಯೇ ಇರುತ್ತದೆ. ಆದ್ದರಿಂದ ಲಾಭಾಂಶ ಮತ್ತು ಪ್ರೀಮಿಯಂಗಳನ್ನು ಪರಸ್ಪರ ಸಂಬಂಧವಿಲ್ಲದ ಎರಡು ಆದಾಯಗಳೆಂದು ಕೂಡಿಸಿ ನೋಡುವುದು ತಪ್ಪು.

ಅಮೆರಿಕದ ಷೇರು ಆಪ್ಷನ್‌ಗಳನ್ನು ಅವಧಿ ಮುಗಿಯುವ ಮುನ್ನವೇ ಚಲಾಯಿಸಬಹುದು. ಅಲ್ಲಿ ಲಾಭಾಂಶರಹಿತ ದಿನಕ್ಕೆ ಮೊದಲೇ ಕಾಲ್ ಕೊಂಡವನು ಷೇರುಗಳನ್ನು ಪಡೆದುಕೊಂಡರೆ ಮಾರಿದವನಿಗೆ ಲಾಭಾಂಶ ತಪ್ಪಿಹೋಗುತ್ತದೆ. ಭಾರತದಲ್ಲಿ 2011ರಿಂದ ಷೇರು ಆಪ್ಷನ್‌ಗಳು ಯುರೋಪಿಯನ್ ಮಾದರಿಯಲ್ಲಿವೆ. ಕೊನೆಯ ದಿನದಂದು ಮಾತ್ರ ಅವು ಚಲಾವಣೆಯಾಗುತ್ತವೆ. ಹಾಗಾಗಿ ಇಲ್ಲಿ ಈ ಅಪಾಯವಿಲ್ಲ. ಲಾಭಾಂಶವು ಷೇರಿನ ಮಾರುಕಟ್ಟೆ ಬೆಲೆಯ ಶೇ. 2 ಅಥವಾ ಹೆಚ್ಚಿದ್ದರೆ ವಿನಿಮಯ ಕೇಂದ್ರವು ಸ್ಟ್ರೈಕ್ ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸುತ್ತದೆ. ಅದಕ್ಕಿಂತ ಕಡಿಮೆಯ ಸಾಮಾನ್ಯ ಲಾಭಾಂಶಕ್ಕೆ ಹೊಂದಾಣಿಕೆ ಇರುವುದಿಲ್ಲ.

ಭಾರತದಲ್ಲಿ

ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಸೂಚ್ಯಂಕ ಆಪ್ಷನ್‌ಗಳು 2001ರ ಜೂನ್‌ನಲ್ಲಿ, ಷೇರು ಆಪ್ಷನ್‌ಗಳು ಅದೇ ವರ್ಷದ ಜುಲೈನಲ್ಲಿ ಆರಂಭವಾದವು. 2019ರ ಅಕ್ಟೋಬರ್‌ನಿಂದ ಎಲ್ಲ ಷೇರು ಆಪ್ಷನ್‌ಗಳೂ ಷೇರುಗಳ ವಿತರಣೆಯ ಮೂಲಕವೇ ಇತ್ಯರ್ಥವಾಗುತ್ತಿವೆ. ಕಾಲ್ ಮಾರಲು ಬೇಕಾದ ಮಾರ್ಜಿನ್‌ಗಾಗಿ ಷೇರುಗಳನ್ನು ಒತ್ತೆಯಿಡಬಹುದು. ಒತ್ತೆಯ ಅವಧಿಯಲ್ಲೂ ಲಾಭಾಂಶವು ಮಾಲೀಕನಿಗೇ ಸೇರುತ್ತದೆ.

ಸಣ್ಣ ಹೂಡಿಕೆದಾರರಿಗೆ ಮುಖ್ಯ ಅಡ್ಡಿ ಒಪ್ಪಂದದ ಗಾತ್ರ. ಆಪ್ಷನ್‌ಗಳನ್ನು ಬಿಡಿ ಷೇರಿನ ಲೆಕ್ಕದಲ್ಲಿ ಮಾರಲಾಗದು. ಲಾಟ್ ಎಂಬ ನಿಗದಿತ ಗುಚ್ಛದಲ್ಲೇ ಮಾರಬೇಕು. ಮೇಲಿನ ಉದಾಹರಣೆಯಂತೆ ಹಲವು ಲಕ್ಷ ರೂ. ಮೌಲ್ಯದ ಒಂದೇ ಕಂಪನಿಯ ಷೇರುಗಳು ಕೈಯಲ್ಲಿರಬೇಕಾಗುತ್ತದೆ. ಕುಟುಂಬದ ಉಳಿತಾಯವನ್ನು ಹೀಗೆ ಒಂದೇ ಕಡೆ ತೊಡಗಿಸುವುದು ಸ್ವತಃ ಒಂದು ಅಪಾಯ.

ಬೆಳಗಾವಿ ಮತ್ತು ಖಾನಾಪುರ

ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನಲ್ಲಿ ಲಾಭಾಂಶ ಎಂಬ ಪದ ಪತ್ತಿನ ಸಹಕಾರ ಸಂಘಗಳ ಸದಸ್ಯರಿಗೂ ಪರಿಚಿತ. ಆದರೆ ಸಹಕಾರ ಸಂಘದ ಷೇರುಗಳು ವಿನಿಮಯ ಕೇಂದ್ರದಲ್ಲಿ ವಹಿವಾಟಾಗುವುದಿಲ್ಲ. ಅವುಗಳ ಮೇಲೆ ಆಪ್ಷನ್‌ಗಳೂ ಇಲ್ಲ. ನೋಂದಾಯಿತ ಕಂಪನಿಗಳಲ್ಲೂ ಎಲ್ಲವುಗಳ ಮೇಲೆ ಆಪ್ಷನ್ ದೊರೆಯದು. ಬೆಳಗಾವಿಯಲ್ಲಿ ನೋಂದಾಯಿತ ಕಚೇರಿ ಹೊಂದಿರುವ ಶ್ರೀ ರೇಣುಕಾ ಶುಗರ್ಸ್ 2025ರಲ್ಲಿ ಈ ವಿಭಾಗದಲ್ಲಿರಲಿಲ್ಲ. 1969ರಲ್ಲಿ ಇಂಡಾಲ್ ಆರಂಭಿಸಿದ ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯನ್ನು ಈಗ ನಡೆಸುತ್ತಿರುವ ಹಿಂಡಾಲ್ಕೊ ಕಂಪನಿಯ ಮೇಲೆ ಆಪ್ಷನ್‌ಗಳಿವೆ. ಆದರೆ ಅದರ ಷೇರು ಬೆಲೆ ಜಾಗತಿಕ ಅಲ್ಯೂಮಿನಿಯಂ ಬೆಲೆಯೊಂದಿಗೆ ಏರಿಳಿಯುತ್ತದೆ. ಇಂತಹ ಷೇರುಗಳಲ್ಲಿ ಪ್ರೀಮಿಯಂ ಹೆಚ್ಚಿರುವುದು ಅಪಾಯ ಹೆಚ್ಚಿರುವುದರಿಂದಲೇ. ಊರಿನಲ್ಲಿ ಕಾರ್ಖಾನೆ ಇದೆ ಎಂಬ ಪರಿಚಯವು ಆ ಅಪಾಯವನ್ನು ತಗ್ಗಿಸುವುದಿಲ್ಲ.

ತೆರಿಗೆ

2020ರ ಏಪ್ರಿಲ್ 1ರಿಂದ ಲಾಭಾಂಶದ ತೆರಿಗೆಯನ್ನು ಕಂಪನಿಯ ಬದಲು ಷೇರುದಾರರೇ ತಮ್ಮ ಆದಾಯ ದರದಂತೆ ತೆರಬೇಕು. 2025ರ ಏಪ್ರಿಲ್‌ನಿಂದ, ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂ. ಮೀರಿ ಬರುವ ಲಾಭಾಂಶಕ್ಕೆ ಮೂಲದಲ್ಲೇ ಶೇ. 10 ಕಡಿತವಿದೆ. ಆಪ್ಷನ್ ಆದಾಯವನ್ನು ವ್ಯಾಪಾರದ ಆದಾಯವೆಂದು ಪರಿಗಣಿಸಲಾಗುತ್ತದೆ. ಷೇರುಗಳನ್ನು ಬಿಟ್ಟುಕೊಟ್ಟಾಗ ಬಂಡವಾಳ ಲಾಭ ತೆರಿಗೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ.

ಟೀಕೆ

ಭಾರತೀಯ ಷೇರುಪೇಟೆ ನಿಯಂತ್ರಣ ಮಂಡಳಿಯಾದ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದರು; ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂ. ಮೀರಿತ್ತು. ಈ ಅಂಕಿಗಳು ಎಲ್ಲ ಬಗೆಯ ವಹಿವಾಟುಗಳಿಗೆ ಸೇರಿದವು, ಕವರ್ಡ್ ಕಾಲ್‌ಗಷ್ಟೇ ಅಲ್ಲ. ಆದರೂ ಷೇರು ಇಟ್ಟುಕೊಂಡು ಕಾಲ್ ಮಾರುವುದರಿಂದ ತೊಡಗಿ, ಪ್ರೀಮಿಯಂನ ಆಸೆಗೆ ಷೇರಿಲ್ಲದೆಯೇ ಮಾರುವ ಹಂತಕ್ಕೆ ಜಾರುವ ಸಾಧ್ಯತೆ ಇದೆ. ಅಲ್ಲಿಗೆ ಈ ವಿಧಾನದ ರಕ್ಷಣೆ ಕೊನೆಗೊಳ್ಳುತ್ತದೆ.

ಇವನ್ನೂ ನೋಡಿ

• ಲಾಭಾಂಶ
• ಷೇರು ಮಾರುಕಟ್ಟೆ
• ಮ್ಯೂಚುವಲ್ ಫಂಡ್