ಕಾದಂಬರಿಯ ಕಟಕಟೆಯಲ್ಲಿ ಇತಿಹಾಸ

ಹಳೆಯ ವಿದ್ಯಾರ್ಥಿಗಳು ಭೇಟಿಯಾದಾಗಲೆಲ್ಲ, "ಮೇಷ್ಟ್ರೇ, ಈಗ ಏನು ಓದುತ್ತಿದ್ದೀರಿ?" ಎಂದು ಕೇಳುವುದುಂಟು. ಪತ್ತೇದಾರಿ, ರೋಚಕ ಹಾಗೂ ಐತಿಹಾಸಿಕ ಕಾದಂಬರಿಗಳು ಎಂದು ನಾನು ಉತ್ತರಿಸಿದರೆ ಕೆಲವರಿಗೆ ಆಶ್ಚರ್ಯ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇತಿಹಾಸ ಬೋಧಿಸಿದವರು ಇಂತಹ ಹಗುರವಾದ ಓದಿಗೆ ಇಳಿದರೇ ಎಂಬ ಭಾವ ಅವರ ಮುಖದಲ್ಲಿ ಸುಳಿಯುತ್ತದೆ. ನನ್ನ ಮಟ್ಟಿಗೆ ಈ ಮೂರೂ ಪ್ರಕಾರಗಳು ಒಂದೇ ಮನೆಯ ಮಕ್ಕಳು. ಆಗಿಹೋದ ಘಟನೆ, ಅಳಿದುಳಿದ ಕುರುಹುಗಳು, ಒಂದಕ್ಕೊಂದು ಹೊಂದದ ಸಾಕ್ಷ್ಯಗಳು, ಇವೇ ಪತ್ತೇದಾರನ ಬಂಡವಾಳ. ಇತಿಹಾಸಕಾರನದೂ ಅಷ್ಟೇ ಅಲ್ಲವೇ?

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿ ಬೆಳೆದ ಪೀಳಿಗೆ ನಮ್ಮದು. ನೂರಾರು ಕಾದಂಬರಿಗಳನ್ನು ಬರೆದ ಅವರು ಸಾಮಾನ್ಯ ಜನರ ಕೈಗೆ ಕನ್ನಡ ಪುಸ್ತಕವನ್ನು ಕೊಟ್ಟರು. ಆ ಉಪಕಾರವನ್ನು ವಿಮರ್ಶಕರು ಮರೆತರೂ ಓದುಗರು ಮರೆಯಲಾರರು.

ಈಚಿನ ವರ್ಷಗಳಲ್ಲಿ ರೋಚಕತೆಗೂ ಚರಿತ್ರೆಗೂ ಗಂಟು ಹಾಕಿದವರಲ್ಲಿ ಡಾ. ಕೆ. ಎನ್. ಗಣೇಶಯ್ಯನವರು ಪ್ರಮುಖರು. ವೃತ್ತಿಯಿಂದ ಕೃಷಿ ವಿಜ್ಞಾನಿಗಳು. ಅವರ 'ಕನಕ ಮುಸುಕು' ಕಾದಂಬರಿಯ ಬೇರು ಇರುವುದು ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ, ಮುಸುಕಿನ ಜೋಳದ ತೆನೆಯಂತೆ ಕಾಣುವ ಒಂದು ವಸ್ತುವಿನಲ್ಲಿ. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ. ಕೊಲಂಬಸ್ ಅಲ್ಲಿಗೆ ತಲುಪಿದ್ದು 1492ರಲ್ಲಿ. ಸೋಮನಾಥಪುರದ ದೇವಾಲಯವಾದರೋ ಹದಿಮೂರನೆಯ ಶತಮಾನದ್ದು. 1989ರಲ್ಲಿ ಕಾರ್ಲ್ ಜೊಹಾನ್ನೆಸನ್ ಎಂಬ ವಿದ್ವಾಂಸರು ಅದು ಜೋಳವೇ ಎಂದು ವಾದಿಸಿದರು. ಭಾರತದ ತಜ್ಞರು ಅಲ್ಲವೆಂದು ಖಂಡಿಸಿದರು. ನಾನು ಖಂಡಿಸಿದವರ ಪಕ್ಷ. ಆದರೂ ಆ ಪುಸ್ತಕ ಓದಿದ ಹುಡುಗನೊಬ್ಬ ಸೋಮನಾಥಪುರಕ್ಕೆ ಹೋದಾಗ ಶಿಲ್ಪದ ಕೈಯನ್ನು ದಿಟ್ಟಿಸಿ ನೋಡುತ್ತಾನಲ್ಲ, ಅದು ಯಾವ ಪಾಠದಿಂದಲೂ ಸುಲಭವಾಗಿ ಸಿದ್ಧಿಸುವ ಫಲವಲ್ಲ.

ವಸುಧೇಂದ್ರರ 'ತೇಜೋ ತುಂಗಭದ್ರಾ' (2019) ಇನ್ನೂ ದೊಡ್ಡ ಹರವಿನ ಕೃತಿ. ತೇಜೋ ಎಂಬುದು ಲಿಸ್ಬನ್ ನಗರದ ನದಿ. ಆ ದಡದಲ್ಲಿ ಯೆಹೂದ್ಯರ ಸಂಕಟ, ಈ ದಡದಲ್ಲಿ ವಿಜಯನಗರದ ವೈಭವ ಮತ್ತು ಕ್ರೌರ್ಯ, ನಡುವೆ 1510ರಲ್ಲಿ ಪೋರ್ಚುಗೀಸರ ವಶವಾದ ಗೋವೆ. ಪೋರ್ಚುಗಲ್ಲಿನಲ್ಲಿ 1497ರಲ್ಲಿ ಯೆಹೂದ್ಯರನ್ನು ಬಲವಂತವಾಗಿ ಮತಾಂತರಿಸಿದ್ದೂ, 1506ರಲ್ಲಿ ಲಿಸ್ಬನ್ನಿನ ಬೀದಿಗಳಲ್ಲಿ ಅವರ ಹತ್ಯಾಕಾಂಡ ನಡೆದದ್ದೂ ಚರಿತ್ರೆ. ಒಡೆಯನಿಗಾಗಿ ಪ್ರಾಣ ಕೊಡುವ ಲೆಂಕರೂ ಕಲ್ಪನೆಯಲ್ಲ. ಹಳೇಬೀಡಿನಲ್ಲಿ ಕುವರ ಲಕ್ಷ್ಮನ ಶಾಸನಸ್ತಂಭ ಇಂದಿಗೂ ನಿಂತಿದೆ. ವಿಜಯನಗರವೆಂದರೆ ಮುತ್ತು ರತ್ನಗಳನ್ನು ಬೀದಿಯಲ್ಲಿ ಸೇರಿನಲ್ಲಿ ಅಳೆದು ಮಾರಿದ ಕಾಲ ಎಂದಷ್ಟೇ ಕಲಿತವರು ಈ ಕಾದಂಬರಿಯನ್ನು ಓದಲೇಬೇಕು. ವೈಭವಕ್ಕೆ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆಯನ್ನು ಅದು ಕೇಳುತ್ತದೆ.

ಇನ್ನು ಅಪಾಯದ ಮಾತು. ಹೈದರಾಲಿ 1779ರಲ್ಲಿ ಚಿತ್ರದುರ್ಗವನ್ನು ಗೆದ್ದುದಕ್ಕೆ ಕಾರಣಗಳನ್ನು ಬರೆಯಿರಿ ಎಂದು ಒಮ್ಮೆ ಪರೀಕ್ಷೆಯಲ್ಲಿ ಕೇಳಿದ್ದೆ. ಒಬ್ಬ ವಿದ್ಯಾರ್ಥಿನಿ ತ.ರಾ.ಸು. ಅವರ 'ದುರ್ಗಾಸ್ತಮಾನ'ದ ಮದಕರಿನಾಯಕನ ಸಂಭಾಷಣೆಗಳನ್ನೇ ಮೂರು ಪುಟ ಬರೆದಿದ್ದಳು. ಓದಿ ಕಣ್ಣು ತುಂಬಿತು, ಅಂಕ ಮಾತ್ರ ಅರ್ಧವನ್ನೇ ಕೊಟ್ಟೆ. ಭಾವ ಕಾದಂಬರಿಯದು, ಕಾರಣ ಚರಿತ್ರೆಯದು. ಎರಡನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಬೇಕು ಎಂದು ಉತ್ತರ ಪತ್ರಿಕೆಯ ಅಂಚಿನಲ್ಲಿ ಬರೆದಿದ್ದೆ.

ಈ ತೂಕದ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿದ್ದು ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನು (1956) ಮತ್ತೊಮ್ಮೆ ಓದಿದಾಗ. ಕಥೆ ಎಲ್ಲರಿಗೂ ಗೊತ್ತು. 1820ರಲ್ಲಿ ಪಟ್ಟಕ್ಕೆ ಬಂದ ಕೊಡಗಿನ ಕೊನೆಯ ಅರಸ ದುರ್ವ್ಯಸನಿ, ಕ್ರೂರಿ. 1832ರಲ್ಲಿ ಸಹೋದರಿ ದೇವಮ್ಮಾಜಿಯೂ ಆಕೆಯ ಪತಿ ಚನ್ನಬಸವಪ್ಪನೂ ಮೈಸೂರಿಗೆ ಓಡಿಹೋಗಿ ಬ್ರಿಟಿಷ್ ರೆಸಿಡೆಂಟನ ಆಶ್ರಯ ಬೇಡಿದರು. 1834ರಲ್ಲಿ ಕಂಪನಿಯ ಸೈನ್ಯ ಮಡಿಕೇರಿಗೆ ಬಂದಿತು. ಪ್ರಜೆಗಳೆಲ್ಲರ ಒಮ್ಮತದ ಇಚ್ಛೆಯಂತೆ ಕೊಡಗನ್ನು ವಹಿಸಿಕೊಂಡಿದ್ದೇವೆ ಎಂದು ಕರ್ನಲ್ ಫ್ರೇಸರ್ ಘೋಷಣೆ ಹೊರಡಿಸಿದನು.

ಪತ್ತೇದಾರಿ ಕಾದಂಬರಿಯ ಮೊದಲ ಪಾಠ, ಲಾಭ ಯಾರಿಗೆ ಎಂದು ಕೇಳುವುದು. ಇಲ್ಲಿ ರಾಜ್ಯ ದಕ್ಕಿದ್ದು ಕಂಪನಿಗೆ. ಎರಡನೆಯ ಪಾಠ, ಸಾಕ್ಷಿ ಯಾರು ಎಂದು ನೋಡುವುದು. ಅರಸನ ದೌರ್ಜನ್ಯಗಳ ವಿವರ ನಮಗೆ ಬಹುಪಾಲು ಬಂದಿರುವುದು ಅಧಿಕಾರಿಗಳ ಬರಹಗಳಿಂದ ಮತ್ತು 1855ರಲ್ಲಿ ಪ್ರಕಟವಾದ ಮೋಗ್ಲಿಂಗ್ ಪಾದ್ರಿಯವರ ಗ್ರಂಥದಂತಹ ಕೃತಿಗಳಿಂದ. ಮೂರನೆಯ ಪಾಠ, ಹೇಳಿಕೆಗೆ ಹೊಂದದ ಸಂಗತಿಯನ್ನು ಬಿಡದಿರುವುದು. ಒಮ್ಮತದ ಇಚ್ಛೆಯಿದ್ದ ನಾಡಿನ ಅಮರಸುಳ್ಯ ಸೀಮೆಯಲ್ಲಿ 1837ರಲ್ಲಿ ರೈತರು ದಂಗೆಯೆದ್ದು ಮಂಗಳೂರಿನವರೆಗೆ ಹೋದದ್ದೇಕೆ? ಆ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯದ ಬದಲು ಹಣದಲ್ಲಿ ಕಂದಾಯ ಕೇಳಿದ್ದು ಮುಖ್ಯ ಕಾರಣ. ಆದರೆ ಅವರು ಮುಂದಿಟ್ಟುಕೊಂಡದ್ದು ಅದೇ ಅರಸುಮನೆತನದ ಹೆಸರನ್ನು.

ಅರಸನು ನಿರಪರಾಧಿಯೆಂದು ನಾನು ವಾದಿಸುತ್ತಿಲ್ಲ; ಎಲ್ಲ ಸಾಕ್ಷ್ಯವನ್ನೂ ಕಟ್ಟುಕಥೆಯೆಂದು ತಳ್ಳಿಹಾಕುವುದು ಇನ್ನೊಂದು ಬಗೆಯ ಸೋಮಾರಿತನ. ಮುಂದಿನ ಅಧ್ಯಾಯವನ್ನೂ ಓದಿ ತೀರ್ಪು ಕೊಡಿ ಎಂಬುದಷ್ಟೇ ನನ್ನ ಮಾತು. ಕಾಶಿಯಲ್ಲಿ ಸೆರೆಯಂತಿದ್ದ ಅರಸ 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದನು. ಮಗಳು ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ತಂದೆ ತನ್ನ ಮನೆತನ ಕಂಪನಿಯಲ್ಲಿ ತೊಡಗಿಸಿದ್ದ ಹಣಕ್ಕಾಗಿ ಅಲ್ಲಿನ ನ್ಯಾಯಾಲಯದ ಮೆಟ್ಟಿಲೇರಿದನು. ಆರೋಪಿಯೇ ದೂರುದಾರನಾಗಿ ನಿಂತ ಆ ಮೊಕದ್ದಮೆಯಿಂದ ಅವನಿಗೆ ಸುಖ ಸಿಗಲಿಲ್ಲ. 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಮಗಳು 1864ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿ, ಕಣ್ಮುಚ್ಚಿದಳು.

ಮಾಸ್ತಿಯವರ ಹಿರಿಮೆಯೆಂದರೆ, ಅರಸನ ದೋಷವನ್ನು ಮುಚ್ಚದೆಯೂ ಅವನನ್ನು ರಾಕ್ಷಸನನ್ನಾಗಿ ಮಾಡದಿರುವುದು. ಮಂತ್ರಿಗಳ ಹಿಂಜರಿತ, ಬಂಧುಗಳ ದ್ವೇಷ, ಕಾದು ಕುಳಿತ ಕಂಪನಿ, ಎಲ್ಲರ ಪಾಲನ್ನೂ ಅವರು ಲೆಕ್ಕ ಹಾಕಿದ್ದಾರೆ. ಆದರೂ ಓದುಗರು ಮುಗಿಸಿದ ಮೇಲೆ "ಅರಸ ಕುಡುಕನಾಗಿದ್ದ, ರಾಜ್ಯ ಹೋಯಿತು" ಎಂದು ಒಂದೇ ಸಾಲಿನಲ್ಲಿ ಹೇಳಿಬಿಡುತ್ತಾರೆ. ಅದು ಕಾದಂಬರಿಕಾರರ ದೋಷವಲ್ಲ, ನಮ್ಮ ಓದಿನ ಅವಸರ.

ಸತ್ತವರು ಎದ್ದು ಬಂದು ತಮ್ಮ ಪರವಾಗಿ ಮಾತನಾಡಲಾರರು. ಕಾದಂಬರಿಕಾರನು ಕಟ್ಟಿಕೊಟ್ಟ ಮುಖವೇ ಸಾವಿರಾರು ಜನರ ಮನಸ್ಸಿನಲ್ಲಿ ಅವರ ನಿಜಮುಖವಾಗಿ ಉಳಿಯುತ್ತದೆ. ಆದುದರಿಂದ, ನನ್ನ ಪ್ರಿಯ ಶಿಷ್ಯರೇ, ಐತಿಹಾಸಿಕ ಕಾದಂಬರಿಗಳನ್ನು ಧಾರಾಳವಾಗಿ ಓದಿರಿ, ಮಕ್ಕಳಿಗೂ ಓದಿಸಿರಿ. ಓದಿ ಮುಗಿಸಿದ ಮೇಲೆ ಅದೇ ಕಾಲದ ಒಂದು ಇತಿಹಾಸ ಗ್ರಂಥವನ್ನೂ ಪಕ್ಕದಲ್ಲಿ ತೆರೆದಿಡಿ. ಎರಡೂ ಬೇರೆ ಬೇರೆ ಮಾತನಾಡುವ ಕಡೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಗುರುತು ಹಾಕಿಕೊಳ್ಳಿ. ಪತ್ತೇದಾರಿಕೆ ಆರಂಭವಾಗಬೇಕಾದದ್ದು ಆ ಗುರುತಿನಿಂದ.